ಹೆತ್ತಮ್ಮನ ಬಾಡಿಗೆದಾರ

ಉಳಿತಾಯಪ್ಪನಿಗೆ ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅವನು ಎಲ್ಲವನ್ನೂ ಮಿತವಾಗಿ ಬಳಸುವವನಾದ್ದರಿಂದ ಆ ಹೆಸರೂ ಬಳಕೆ ತಪ್ಪಿ, ಬೀದಿಯವರು ಇಟ್ಟ ಹೆಸರೇ ಗಟ್ಟಿಯಾಗಿತ್ತು. ಸವೆದು ಎಲೆಯಷ್ಟಾದ ಸೋಪನ್ನು ಹೊಸ ಸೋಪಿನ ಬೆನ್ನಿಗೆ ಅಂಟಿಸುವವನು ಅವನು. ಎದುರುಮನೆಯ ಟೈಲರ್ ಓದಿ ಮುಗಿಸಿದ ದಿನಪತ್ರಿಕೆಯನ್ನು ಸಂಜೆ ತಂದು ಓದುವವನು. ಸುದ್ದಿ ಸಂಜೆಯ ಹೊತ್ತಿಗೆ ಆರಿ ತಣ್ಣಗಾಗಿರುತ್ತದೆ, ಅದರಿಂದ ರಕ್ತದೊತ್ತಡ ಏರುವುದಿಲ್ಲ, ಮಾತ್ರೆಯ ಖರ್ಚೂ ಉಳಿಯುತ್ತದೆ ಎಂಬುದು ಅವನ ವಾದ. ವಾದ ಮಾಡುವುದಕ್ಕೆ ಕಾಸು ಬೀಳದ ಕಾರಣ ಅದರಲ್ಲಿ ಮಾತ್ರ ಅವನು ಧಾರಾಳಿ.

ಕೆಲಸ ನೀರು ಸರಬರಾಜು ಕಚೇರಿಯಲ್ಲಿ. ಹೊರಗೆ ಹೋಗುವ ಕಾಗದಗಳ ಮೇಲೆ ನಂಬರು ಬರೆದು, ಮುದ್ರೆ ಒತ್ತಿ, ಲಕೋಟೆಗೆ ಹಾಕುವ ಗುಮಾಸ್ತ. ಇಪ್ಪತ್ತು ವರ್ಷದಲ್ಲಿ ಲಕ್ಷ ಕಾಗದ ಅವನ ಕೈ ದಾಟಿದ್ದವು. ಒಂದನ್ನೂ ಅವನು ಓದಿರಲಿಲ್ಲ. ಓದುವುದು ಕಾಗದ ತಲುಪಿದವರ ಕರ್ಮ ಎಂದು ಅವನು ನಂಬಿದ್ದ. ಈ ನಂಬಿಕೆ ಮುಂದೆ ಅವನನ್ನು ಎಲ್ಲಿಗೆ ತಂದು ನಿಲ್ಲಿಸಿತು ಅನ್ನುವುದೇ ನಾನು ಹೇಳಹೊರಟಿರುವ ಕಥೆ.

ಅವನ ಜಾಣತನಕ್ಕೆಲ್ಲ ಬಗ್ಗದ ಖರ್ಚು ಒಂದೇ ಒಂದು, ಆದಾಯ ತೆರಿಗೆ. ಸೋಪನ್ನು ತೆಳ್ಳಗೆ ಉಜ್ಜಬಹುದು, ದೀಪವನ್ನು ಬೇಗ ಆರಿಸಬಹುದು, ಆದರೆ ತೆರಿಗೆ ಸಂಬಳದಿಂದಲೇ ಮುರಿದು ಹೋಗುತ್ತಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ಇದು ಕೈಗೇ ಬರುತ್ತಿರಲಿಲ್ಲ. ಒಂದು ದಿನ ಅವನು ಲೆಕ್ಕ ವಿಭಾಗದ ಹೆಡ್ ಕ್ಲರ್ಕಿನ ಮೇಜಿನ ಮುಂದೆ ಹೋಗಿ ಕುಳಿತು ಹೊಟ್ಟೆಯಲ್ಲಿದ್ದ ಸಂಕಟವನ್ನೆಲ್ಲ ಹೇಳಿಕೊಂಡ.

"ಮನೆ ಬಾಡಿಗೆ ಕಟ್ತೀರಾ?" ಹೆಡ್ ಕ್ಲರ್ಕ್ ಕೇಳಿದರು.

"ಇಲ್ಲ ಸಾರ್. ಅಮ್ಮನ ಮನೆ."

"ಅವರ ಹೆಸರಲ್ಲೇ ಇದೆಯಾ?"

"ಅವರ ದುಡ್ಡಲ್ಲೇ ಕಟ್ಟಿಸಿದ್ದು."

"ಮತ್ತೆ ಯಾಕೆ ಅಳ್ತೀರಿ? ಅಮ್ಮನಿಗೇ ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ ಕಟ್ಟಿ. ವರ್ಷಕ್ಕೆ ನಿಮ್ಮ ತೆರಿಗೆಯಲ್ಲಿ ಇಪ್ಪತ್ತೆಂಟು ಸಾವಿರದ ಎಂಟುನೂರು ಉಳಿಯುತ್ತೆ. ಕಾನೂನು ಬೇಡ ಅನ್ನಲ್ಲ. ಆದ್ರೆ ನಿಜವಾಗಿ ಕೊಡಬೇಕು, ಬ್ಯಾಂಕಿನ ಮೂಲಕವೇ ಹೋಗಬೇಕು, ಕರಾರುಪತ್ರ ಇರಬೇಕು."

"ಕೊಟ್ಟ ಹಾಗೆ ಮಾಡಿದ್ರೆ?"

"ಕೊಟ್ಟ ಹಾಗೆ ಮಾಡಿದ್ರೆ ಉಳಿದ ಹಾಗೆ ಆಗುತ್ತೆ ಅಷ್ಟೇ. ಸಿಕ್ಕಿಬಿದ್ರೆ ದಂಡ."

ಉಳಿತಾಯಪ್ಪನ ಕಿವಿಗೆ ಇಪ್ಪತ್ತೆಂಟು ಸಾವಿರದ ಎಂಟುನೂರರ ಆಚೆಗೆ ಏನೂ ಬೀಳಲಿಲ್ಲ. ಬಾಡಿಗೆ ಬ್ಯಾಂಕಿಗೆ ಹೋಗಲಿ, ಅಮ್ಮ ಮಾರನೆಯ ದಿನ ತೆಗೆದು ವಾಪಸು ಕೊಡುತ್ತಾರೆ, ಹೋದ ದಾರಿಯಲ್ಲೇ ದುಡ್ಡು ಮನೆಗೆ ಬರುತ್ತದೆ. ನಡುವೆ ಸರ್ಕಾರದ ಮೂಗಿಗೆ ತುಪ್ಪ. ಇಷ್ಟು ಸುಲಭದ ದಾರಿ ಇದುವರೆಗೂ ತನಗೆ ಹೊಳೆಯಲಿಲ್ಲವಲ್ಲ ಎಂದು ಅವನು ತನ್ನ ಮೇಲೇ ಸಿಟ್ಟು ಮಾಡಿಕೊಂಡ.

ಅಂದೇ ಕೋರ್ಟಿನ ಮುಂದೆ ಕೂರುವ ಟೈಪಿಸ್ಟನ ಹತ್ತಿರ ಹೋದ. ಹೊಸದಾಗಿ ಕರಾರುಪತ್ರ ಬರೆದು ಟೈಪು ಮಾಡಲು ಎಂಟುನೂರು ಎಂದು ಟೈಪಿಸ್ಟ್ ಹೇಳಿದಾಗ ಉಳಿತಾಯಪ್ಪನ ಮುಖ ಹುಳ್ಳಗಾಯಿತು.

"ಹಳೇದು ಒಂದಿದೆ," ಅಂದ ಟೈಪಿಸ್ಟ್. "ಯಾರೋ ಮಾಲೀಕರು ಮದುವೆಯಾಗದ ಹುಡುಗರಿಗೆ ಮನೆ ಕೊಡೋಕೆ ಅಂತ ಮಾಡಿಸಿದ್ರು. ಹುಡುಗರು ಓದಿ ನೋಡಿ ಮನೆನೇ ಬೇಡ ಅಂತ ಓಡಿಹೋದ್ರು. ಹೆಸರು ಬದಲಾಯಿಸಿ ಕೊಡ್ತೀನಿ, ಇನ್ನೂರು ಕೊಡಿ."

"ನೂರೈವತ್ತು," ಅಂದ ಉಳಿತಾಯಪ್ಪ. ಆರುನೂರೈವತ್ತು ಉಳಿಯಿತೆಂದು ಬೀಗುತ್ತ ಇಪ್ಪತ್ಮೂರು ಷರತ್ತುಗಳ ಆ ಕಾಗದವನ್ನು ಮಡಚಿ ಜೇಬಿಗಿಟ್ಟ. ಓದಲಿಲ್ಲ.

ಈಗ ಅಮ್ಮನ ವಿಷಯ. ಆಕೆ ಒಂದು ಟ್ರಸ್ಟಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಮೂವತ್ತೊಂದು ವರ್ಷ ವಾರ್ಡನ್ ಆಗಿದ್ದವರು. ಅವರ ಚಪ್ಪಲಿಯ ಸದ್ದು ಮೆಟ್ಟಿಲ ಮೇಲೆ ಕೇಳಿಸಿದರೆ ನಾನೂರು ಹುಡುಗಿಯರು ಉಸಿರು ಬಿಗಿಹಿಡಿಯುತ್ತಿದ್ದರಂತೆ. ಪಿಂಚಣಿ ಇಲ್ಲದ ಕೆಲಸ. ನಿವೃತ್ತಿಯಾದಾಗ ಬಂದ ಇಡಿಗಂಟನ್ನು ಈ ಮನೆಗೆ ಸುರಿದು, ಅಂದಿನಿಂದ ಹನ್ನೆರಡು ವರ್ಷ ಒಂದು ಬಸ್ಸಿನ ಟಿಕೆಟಿಗೂ ಮಗನ ಮುಖ ನೋಡುತ್ತಿದ್ದರು. ಅವರ ಕನ್ನಡಕದ ಒಂದು ಕಾಲು ಮುರಿದು ದಾರ ಕಟ್ಟಿ ಮೂರು ವರ್ಷವಾಗಿತ್ತು. ಗಾಜಿನ ನಂಬರು ಹಳತಾಗಿ ಆರು ವರ್ಷ. ಹೊಸದು ಬೇಕು ಅಂದಾಗಲೆಲ್ಲ ಉಳಿತಾಯಪ್ಪ, "ಕಿವಿ ಗಟ್ಟಿಯಾಗಿದೆಯಲ್ಲಮ್ಮ, ದಾರ ಹಿಡ್ಕೊಳ್ಳುತ್ತೆ," ಅನ್ನುತ್ತಿದ್ದ.

ಕಾಗದ ಮುಂದಿಟ್ಟಾಗ ಅಮ್ಮ ಅದನ್ನು ಮೂಗಿಗೆ ತಾಗಿಸಿ ನೋಡಿದರು. "ಅಕ್ಷರ ಕಾಣ್ತಿಲ್ಲ ಕಣೋ. ಏನು ಬರೆದಿದೆ ಓದು."

ಉಳಿತಾಯಪ್ಪ ಮೊದಲ ಸಾಲನ್ನೂ ಕೊನೆಯ ಸಾಲನ್ನೂ ಓದಿದ. ನಡುವೆ "ಮಾಮೂಲಿ" ಅಂದ.

"ನಾನು ಸಹಿ ಹಾಕಿದ ಕಾಗದಕ್ಕೆ ಒಂದು ದಿನವೂ ತಪ್ಪಿ ನಡೆದವಳಲ್ಲ. ಗೊತ್ತಲ್ವಾ?"

"ಗೊತ್ತಮ್ಮ, ಹಾಕು. ಪೆನ್ನಿನ ಮಸಿ ಒಣಗುತ್ತೆ."

ಅಮ್ಮ ಸಹಿ ಹಾಕಿದರು. ಪಕ್ಕದಲ್ಲಿ ಉಳಿತಾಯಪ್ಪನ ಹೆಂಡತಿ ಸಾಕ್ಷಿ ಹಾಕಿದಳು. ಐದನೇ ತಾರೀಕು ಹನ್ನೆರಡು ಸಾವಿರ ಅಮ್ಮನ ಖಾತೆಗೆ ಹೋಯಿತು. ಆರನೇ ತಾರೀಕು ಬೆಳಿಗ್ಗೆ ಅವನು ಬ್ಯಾಂಕಿನ ಚೀಟಿ ಹಿಡಿದು ಅಮ್ಮನ ಕೋಣೆಗೆ ಹೋದ.

"ಇದಕ್ಕೊಂದು ಸಹಿ ಹಾಕಮ್ಮ, ದುಡ್ಡು ತೆಗೀಬೇಕು."

"ಯಾವ ದುಡ್ಡು?"

"ಬಾಡಿಗೆ ದುಡ್ಡು."

"ಬಾಡಿಗೆ ಇಸ್ಕೊಂಡು ವಾಪಸ್ ಕೊಡೋ ಮಾಲೀಕರನ್ನ ಎಲ್ಲಾದ್ರೂ ಕಂಡಿದೀಯಾ? ಕೊಟ್ಟಿದೀನಿ ಅಂತ ಸರ್ಕಾರಕ್ಕೆ ಬರೆದುಕೊಡ್ತೀಯ. ನಾನು ವಾಪಸ್ ಕೊಟ್ರೆ ಅದು ಸುಳ್ಳಾಗಲ್ವಾ?"

ಉಳಿತಾಯಪ್ಪ ಚೀಟಿ ಮಡಚಿ ಜೇಬಿಗಿಟ್ಟ. ಅಡುಗೆಮನೆಗೆ ಹೋಗಿ ಹೆಂಡತಿಯ ಮುಂದೆ ಗೋಳು ತೋಡಿಕೊಂಡರೆ ಅವಳು, "ಇಪ್ಪತ್ತೆಂಟು ಸಾವಿರ ಉಳಿಸೋಕೆ ಒಂದು ಲಕ್ಷದ ನಲವತ್ತನಾಲ್ಕು ಸಾವಿರ ಕೊಡೋ ಬುದ್ಧಿವಂತರನ್ನ ನಾನು ಇವತ್ತೇ ನೋಡಿದ್ದು," ಎಂದು ಒಲೆಯ ಕಡೆ ತಿರುಗಿದಳು.

ಮಧ್ಯಾಹ್ನ ಅಮ್ಮ ಒಬ್ಬರೇ ಪೇಟೆಗೆ ಹೋಗಿ ಹೊಸ ಕನ್ನಡಕ ಮಾಡಿಸಿಕೊಂಡು ಬಂದರು. ಬಂದವರು ಟೇಬಲ್ಲಿನ ಮುಂದೆ ಕುಳಿತು, ಕೈಯಲ್ಲಿ ಪೆನ್ಸಿಲ್ ಹಿಡಿದು, ಕರಾರುಪತ್ರವನ್ನು ಮೊದಲಿಂದ ಕೊನೆಯವರೆಗೆ ಓದಿದರು. ಒಂದೊಂದು ಷರತ್ತಿಗೂ ಅವರ ಬೆನ್ನು ಒಂದೊಂದು ಗೆರೆ ನೆಟ್ಟಗಾಗುತ್ತಿತ್ತು. ಗೋಡೆಗೆ ಮೊಳೆ ಹೊಡೆಯಕೂಡದು, ಹೊಡೆದರೆ ಮೊಳೆಗೆ ಐವತ್ತರಂತೆ ದಂಡ. ಹೊರಗಿನವರನ್ನು ಅನುಮತಿಯಿಲ್ಲದೆ ಮೂರು ದಿನಕ್ಕಿಂತ ಹೆಚ್ಚು ಇರಿಸಿಕೊಳ್ಳಕೂಡದು. ವಾದ್ಯ ನುಡಿಸಕೂಡದು. ತಿಂಗಳಿಗೊಮ್ಮೆ ಮಾಲೀಕರು ಬಂದು ಮನೆಯನ್ನು ಪರಿಶೀಲಿಸತಕ್ಕದ್ದು. ಯಾರೋ ಪುಣ್ಯಾತ್ಮ ಮನೆ ಮಾಲೀಕ ತನಗೆ ಗೊತ್ತಿಲ್ಲದಂತೆಯೇ ಒಂದು ಹಾಸ್ಟೆಲ್ ಬರೆದಿಟ್ಟಿದ್ದ. ಅದಕ್ಕೆ ಇಷ್ಟು ದಿನ ವಾರ್ಡನ್ ಒಬ್ಬರು ಕಡಿಮೆಯಿದ್ದರು, ಈಗ ಅವರೂ ಸಿಕ್ಕರು.

ಮೊದಲ ಪರಿಶೀಲನೆ ಭಾನುವಾರ ನಡೆಯಿತು. ಉಳಿತಾಯಪ್ಪ ಬನಿಯನ್ನಿನಲ್ಲಿ ಮಂಚದ ಮೇಲೆ ಬಿದ್ದುಕೊಂಡಿದ್ದಾಗ ಬಾಗಿಲು ಬಡಿದ ಸದ್ದಾಯಿತು.

"ಒಳಗೆ ಬರಬಹುದಾ?" ಅಮ್ಮನ ದನಿ.

"ಇದೇನಮ್ಮ, ಹೊಸದಾಗಿ ಕೇಳ್ತೀಯ?"

"ಷರತ್ತು ಹದಿನಾಲ್ಕು. ಬಾಡಿಗೆದಾರರ ಕೋಣೆಗೆ ಕೇಳದೆ ಬರಬಾರದು. ನಿನ್ನೆನೇ ನಿಮಗೆ ಚೀಟಿ ಕೊಟ್ಟಿದ್ದೆ, ನೀವು ಓದಿಲ್ಲ ಅಂತ ಕಾಣುತ್ತೆ."

ಉಳಿತಾಯಪ್ಪ ಎದ್ದು ಕುಳಿತ. ಹುಟ್ಟಿದಾಗಿನಿಂದ ಅಮ್ಮನ ಬಾಯಲ್ಲಿ ಅವನು 'ನೀವು' ಆಗಿರಲಿಲ್ಲ. ಅಮ್ಮ ನೋಟ್‌ಪುಸ್ತಕ ಹಿಡಿದು ಒಳಗೆ ಬಂದು ಗೋಡೆ ಗೋಡೆ ಸುತ್ತಿದರು. ಕ್ಯಾಲೆಂಡರಿನ ಮೊಳೆ, ಅಂಗಿಯ ಮೊಳೆ, ಹಳೆಯ ಬಿಲ್ಲುಗಳನ್ನು ಚುಚ್ಚಿಟ್ಟ ಮೊಳೆ, ಯಾವುದಕ್ಕೂ ಇಲ್ಲದೆ ಸುಮ್ಮನೆ ನಿಂತಿದ್ದ ಮೊಳೆ ಎರಡು.

"ಐದು. ಇನ್ನೂರೈವತ್ತು."

"ಅಮ್ಮ, ಅವು ಹತ್ತು ವರ್ಷದಿಂದ ಅಲ್ಲೇ ಇವೆ."

"ಹಳೇ ಮೊಳೆಗೆ ರಿಯಾಯಿತಿ ಅಂತ ಎಲ್ಲೂ ಬರೆದಿಲ್ಲ."

ಬಾಗಿಲ ಹಿಂದೆ ನಿಂತಿದ್ದ ಹೆಂಡತಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಅವಳಿಗೂ ಕರಾರು ಓದುವ ಆಸೆ ಹುಟ್ಟಿ, ಆ ಮಧ್ಯಾಹ್ನ ಅತ್ತೆಯಿಂದ ಇಸಿದುಕೊಂಡು ಓದಿದಳು. ಷರತ್ತು ಒಂಬತ್ತಕ್ಕೆ ಬಂದಾಗ ಅವಳ ಮುಖ ಬೆಳಗಿತು. ನಲ್ಲಿ, ಕಿಟಕಿ, ಸೂರು, ಬಾಗಿಲುಗಳ ರಿಪೇರಿ ಮಾಲೀಕರ ಜವಾಬ್ದಾರಿ. ಅಡುಗೆಮನೆಯ ನಲ್ಲಿ ನಾಲ್ಕು ವರ್ಷದಿಂದ ತೊಟ್ಟಿಕ್ಕುತ್ತಿತ್ತು. ಅದರ ಕೆಳಗೆ ಬಕೆಟ್ ಇಟ್ಟು, ಆ ನೀರನ್ನು ಗಿಡಕ್ಕೆ ಹಾಕುವುದು ಉಳಿತಾಯ ಎಂದು ಗಂಡ ಬೋಧಿಸಿದ್ದ. ನೀರು ಸರಬರಾಜು ಕಚೇರಿಯ ನೌಕರನ ಮನೆಯ ನಲ್ಲಿ ಅದು. ಅವಳು ಹಾಳೆ ತೆಗೆದು ಮಾಲೀಕರಿಗೆ ಅರ್ಜಿ ಬರೆದಳು. ಮಾರನೆಯ ದಿನ ಹತ್ತು ಗಂಟೆಗೆ ಪ್ಲಂಬರ್ ಬಂದ. ಮುಂದಿನ ತಿಂಗಳು ಕಿಟಕಿಯ ಒಡೆದ ಗಾಜು ಹೋಯಿತು, ಅದರ ಮುಂದಿನ ತಿಂಗಳು ಸೂರಿನ ಸೋರಿಕೆ ನಿಂತಿತು, ನಾಲ್ಕನೇ ತಿಂಗಳು ಗೋಡೆಗೆ ಬಣ್ಣ ಬಂತು.

"ಮಾಲೀಕರು ಅಂದ್ರೆ ಹೀಗಿರಬೇಕು," ಅಂದಳು ಹೆಂಡತಿ. "ನಾವು ಈ ಮನೆ ಬಿಟ್ಟು ಎಲ್ಲೂ ಹೋಗೋದು ಬೇಡ ರೀ."

"ಇದು ನಮ್ಮನೆ ಕಣೇ."

"ಹೌದಾ? ಕಾಗದದಲ್ಲಿ ಹಾಗೆ ಇಲ್ಲವಲ್ಲ."

ಬೀದಿಯ ಬಾಯಿಗೆ ಬೀಗ ಹಾಕುವವರು ಯಾರು? ಅಮ್ಮ ತಿಂಗಳು ತಿಂಗಳೂ ಜಗಲಿಯ ಮೇಲೆ ಕುಳಿತು ರಸೀದಿ ಬರೆದುಕೊಡುವುದನ್ನು ಎದುರುಮನೆ ಟೈಲರ್ ತನ್ನ ಮಿಷನ್ನಿನ ಹಿಂದಿನಿಂದ ನೋಡುತ್ತಿದ್ದ. ಉಳಿತಾಯಪ್ಪನಿಗೆ ಮನೆ ಕೈಬಿಟ್ಟು ಹೋಯಿತಂತೆ, ತಾಯಿ ಕರುಣೆಯಿಂದ ಬಾಡಿಗೆಗೆ ಇಟ್ಟುಕೊಂಡಿದ್ದಾರಂತೆ ಎಂಬ ಸುದ್ದಿ ಒಂದು ಅಂಗಿಯ ಅಳತೆ ಕೊಡುವಷ್ಟರಲ್ಲಿ ಬೀದಿಯ ಆ ತುದಿ ಮುಟ್ಟಿತು. ಮೂಲೆಯ ದಿನಸಿ ಅಂಗಡಿಯವನು ತಿಂಗಳ ಸಾಲದ ಪುಸ್ತಕ ಮುಚ್ಚಿ, "ಇನ್ಮೇಲೆ ಕೈಗೆ ಕೈ ದುಡ್ಡು ಕೊಟ್ಬಿಡಿ," ಅಂದ.

"ಯಾಕೆ? ಹನ್ನೆರಡು ವರ್ಷದ ಗಿರಾಕಿ ನಾನು."

"ಬೇಜಾರು ಮಾಡ್ಕೋಬೇಡಿ. ಬಾಡಿಗೆ ಮನೆಯವರು ಇವತ್ತು ಇರ್ತೀರಿ, ನಾಳೆ ಖಾಲಿ ಮಾಡ್ತೀರಿ. ನಾನು ಯಾವ ಊರಲ್ಲಿ ಹುಡುಕಲಿ?"

ಅಷ್ಟರಲ್ಲಿ ಹೆಂಡತಿಯ ತಮ್ಮ ಹದಿನೈದು ದಿನದ ತರಬೇತಿಗೆಂದು ದೊಡ್ಡ ಸೂಟ್‌ಕೇಸ್ ಹಿಡಿದು ಬಂದಿಳಿದ. ನಾಲ್ಕನೇ ದಿನ ಬೆಳಿಗ್ಗೆ ಅಮ್ಮ, ಕಾಫಿ ಕುಡಿಯುತ್ತಿದ್ದ ಉಳಿತಾಯಪ್ಪನ ಮುಂದೆ ಒಂದು ಬಿಳಿ ಹಾಳೆ ಇಟ್ಟರು. ಬೇರೆ ದಾರಿಯಿಲ್ಲದೆ ಅವನು ಬರೆದ: 'ಮಾನ್ಯ ಮಾಲೀಕರಲ್ಲಿ ವಿನಂತಿ. ನನ್ನ ಬಾಮೈದ ಸಾಧು ಸ್ವಭಾವದವನಾಗಿದ್ದು, ಇನ್ನೂ ಹನ್ನೊಂದು ದಿನ ಇರಲು ಅನುಮತಿ ನೀಡಬೇಕಾಗಿ ಪ್ರಾರ್ಥನೆ.' ಅಮ್ಮ ಓದಿ, 'ಕೊಳಲು ಊದದಿದ್ದಲ್ಲಿ ಮಂಜೂರು' ಎಂದು ಬರೆದು ಸಹಿ ಹಾಕಿದರು. ಬಾಮೈದನ ಸೂಟ್‌ಕೇಸಿನಲ್ಲಿ ಕೊಳಲಿತ್ತು. ಅದು ಅಮ್ಮನಿಗೆ ಹೇಗೆ ತಿಳಿಯಿತೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ.

ಉಳಿತಾಯಪ್ಪ ಸೋತು ಸುಣ್ಣವಾಗಿ ಹೆಡ್ ಕ್ಲರ್ಕಿನ ಹತ್ತಿರ ಹೋದ. ನಡುವೆ ಬಾಡಿಗೆ ನಿಲ್ಲಿಸಿದರೆ ತೆರಿಗೆ ಕಡಿತ ಹೋಗುತ್ತದೆ, ಇಲ್ಲಿಯವರೆಗೆ ಬಿಟ್ಟುಕೊಟ್ಟ ತೆರಿಗೆಯನ್ನೂ ಒಟ್ಟಿಗೆ ಮುರಿಯುತ್ತೇವೆ ಅಂದರು ಅವರು. ಹುಲಿಯ ಬಾಲ ಹಿಡಿದವನ ಪಾಡು. ಹೀಗೆ ಹನ್ನೊಂದು ತಿಂಗಳು ಕಳೆದವು. ಆಗ ಬಂತು ತೆರಿಗೆ ಇಲಾಖೆಯ ಪತ್ರ. ತಾಯಿಗೆ ಬಾಡಿಗೆ ಕೊಡುತ್ತಿರುವುದಾಗಿ ತೋರಿಸಿದ್ದೀರಿ, ನಿಜವೋ ಅಲ್ಲವೋ ನೋಡಲು ಅಧಿಕಾರಿಯೊಬ್ಬರು ಮನೆಗೆ ಬರುತ್ತಾರೆ ಎಂದು ಅದರಲ್ಲಿತ್ತು. ಜೀವಮಾನದಲ್ಲಿ ಅವನು ಪೂರ್ತಿ ಓದಿದ ಮೊದಲ ಕಾಗದ ಅದು.

ಇಲ್ಲಿ ಒಂದು ಮಾತು ಹೇಳಲೇಬೇಕು. ಉಳಿತಾಯಪ್ಪ ಒಂದು ಕಾಸೂ ಬಿಡದೆ ಬಾಡಿಗೆ ಕಟ್ಟಿದ್ದ, ರಸೀದಿಗಳಿದ್ದವು, ದಂಡದ ರಸೀದಿಗಳೂ ಇದ್ದವು. ಅವನಷ್ಟು ನಿಜವಾದ ಬಾಡಿಗೆದಾರ ಆ ಊರಲ್ಲಿ ಇರಲಿಲ್ಲ. ಆದರೆ ಶುರು ಮಾಡಿದ್ದು ಸುಳ್ಳೆಂದಲ್ಲವೇ? ಅದು ಯಾವಾಗಲೋ ನಿಜವಾಗಿಬಿಟ್ಟಿದೆ ಎಂದು ಅವನ ತಲೆಗೆ ಹೋಗಲೇ ಇಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ, ಕದಿಯದ ಕುಂಬಳಕಾಯಿಗೆ ಎರಡೂ ಹೆಗಲು ಒರೆಸಿಕೊಂಡು ಓಡಾಡಿದ. ಟೈಲರ್ ಬಳಿಗೆ ಹೋಗಿ, "ಯಾರಾದ್ರೂ ಕೇಳಿದ್ರೆ ನಾನು ಬಾಡಿಗೆಗಿದೀನಿ ಅಂತ ಹೇಳಿಬಿಡಪ್ಪ," ಎಂದು ಕೈಮುಗಿದ. ಟೈಲರ್ ಬಾಯಲ್ಲಿದ್ದ ದಾರ ತೆಗೆದು, "ಮತ್ತೆ ಇನ್ನೇನಾಗಿದೀರಿ ಸಾರ್?" ಅಂದ.

ಅಧಿಕಾರಿ ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಫೈಲು. ಕುರ್ಚಿಯಲ್ಲಿ ಕುಳಿತು ಮೊದಲ ಪ್ರಶ್ನೆ ಕೇಳಿದರು. "ಬಾಡಿಗೆ ಎಷ್ಟು ಕೊಡ್ತೀರಿ?"

"ಹನ್ನೆರಡು ಸಾವಿರ. ನಿಜವಾಗಿ ಕೊಡ್ತೀನಿ ಸಾರ್. ಸುಳ್ಳಲ್ಲ. ಸುಳ್ಳು ಅಂತ ಯಾರಾದ್ರೂ ಹೇಳಿದ್ರಾ?"

ಅಧಿಕಾರಿಯ ಹುಬ್ಬು ಮೇಲೇರಿತು. "ಯಾರೂ ಹೇಳಿಲ್ಲ. ಯಾಕೆ ಬೆವರ್ತಿದೀರಿ?"

"ಫ್ಯಾನ್ ಹಾಕಿಲ್ಲ ಸಾರ್, ಉಳಿತಾಯಕ್ಕೆ."

"ಹದಿನೈದು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಅಂದರು ಅಧಿಕಾರಿ. "ಅಮ್ಮನಿಗೆ ಬಾಡಿಗೆ, ಅತ್ತೆಗೆ ಬಾಡಿಗೆ, ಹೆಂಡತಿಗೆ ಬಾಡಿಗೆ. ಎಲ್ಲ ನೋಡಿದೀನಿ. ಮಾಲೀಕರನ್ನ ಕರೀರಿ."

ಕರೆಯುವ ಮೊದಲೇ ಅಮ್ಮ ಫೈಲು ಹಿಡಿದು ಬಂದರು. ಕರಾರುಪತ್ರ, ಹನ್ನೊಂದು ರಸೀದಿ, ಬ್ಯಾಂಕಿನ ಪಾಸ್‌ಬುಕ್, ಪ್ಲಂಬರಿನ ಬಿಲ್ಲು, ಬಣ್ಣದವನ ಬಿಲ್ಲು, ಮೊಳೆಯ ದಂಡದ ಪಟ್ಟಿ, ಬಾಮೈದನ ಅರ್ಜಿ. ಅಧಿಕಾರಿ ಅರ್ಜಿಯನ್ನು ಎರಡು ಸಲ ಓದಿದರು. 'ಕೊಳಲು ಊದದಿದ್ದಲ್ಲಿ' ಅನ್ನುವಲ್ಲಿ ಬೆರಳಿಟ್ಟು ಅಮ್ಮನ ಮುಖ ನೋಡಿದರು. ಆಮೇಲೆ ಎದ್ದು ಮನೆ ಸುತ್ತಿದರು. ಗೋಡೆಯಲ್ಲಿ ಒಂದು ಮೊಳೆಯಿಲ್ಲ. ನಲ್ಲಿ ತಿರುಗಿಸಿದರೆ ನೀರು, ನಿಲ್ಲಿಸಿದರೆ ನಿಂತಿತು. ಅವರು ಅದನ್ನು ಮೂರು ಸಲ ತಿರುಗಿಸಿ ನಿಲ್ಲಿಸಿದರು.

"ನಮ್ಮ ಮಾಲೀಕನಿಗೆ ನಲ್ಲಿ ರಿಪೇರಿ ಮಾಡಿಸು ಅಂತ ಎರಡು ವರ್ಷದಿಂದ ಹೇಳ್ತಿದೀನಿ," ಅಂದ ಅವರ ದನಿ ಇಲಾಖೆಯ ದನಿಯಾಗಿರಲಿಲ್ಲ. ವಾಪಸು ಬಂದು ಫೈಲಿನಲ್ಲಿ ಬರೆದರು. "ನನ್ನ ನೌಕರಿಯಲ್ಲಿ ನೋಡಿದ ಮೊದಲ ನಿಜವಾದ ಬಾಡಿಗೆದಾರರು ನೀವು. ಕಡಿತ ಸರಿಯಾಗಿದೆ."

ಉಳಿತಾಯಪ್ಪ ಹೋದ ಜೀವ ಬಂದವನಂತೆ ಉಸಿರು ಬಿಟ್ಟ. ಆ ಉಸಿರು ಪೂರ್ತಿ ಹೊರಗೆ ಬರುವ ಮೊದಲೇ ಅಧಿಕಾರಿ ಅಮ್ಮನ ಕಡೆ ತಿರುಗಿದರು.

"ಅಮ್ಮಾ, ಕರಾರು ಮುಂದಿನ ತಿಂಗಳಿಗೆ ಮುಗಿಯುತ್ತಲ್ಲ? ಮನೆ ಖಾಲಿ ಆಗೋದಿದ್ರೆ ನಾನು ಹದಿನೈದು ಸಾವಿರ ಕೊಡ್ತೀನಿ. ನಾನು, ನನ್ನ ಹೆಂಡತಿ, ಇಬ್ಬರೇ. ಯಾರಿಗೂ ಸಂಗೀತ ಬರಲ್ಲ."

"ಇವರಿಗೆ ನೋಟಿಸ್ ಕೊಟ್ಟಾಗಿದೆ," ಅಂದರು ಅಮ್ಮ. "ಹೋದ ವಾರ. ತಗೊಂಡು ಸಹಿನೂ ಹಾಕಿದಾರೆ."

ರಸೀದಿಯೆಂದು ತಿಳಿದು, ಓದದೆ ಸಹಿ ಹಾಕಿದ ಕಾಗದ ಅವನ ಕಣ್ಣ ಮುಂದೆ ಬಂತು. ಅವನ ಕಾಲಕೆಳಗಿನ ನೆಲ ಕುಸಿಯಿತು. ಆ ನೆಲವೂ ಅವನದಲ್ಲ.

"ಅಮ್ಮ, ನನ್ನ ಹೊರಗೆ ಹಾಕ್ತೀಯಾ?" ಅಂದ ಉಳಿತಾಯಪ್ಪ. "ನಾನೂ ಹದಿನೈದು ಕೊಡ್ತೀನಿ."

"ಅವರೂ ಅಷ್ಟೇ ಕೊಡ್ತಾರೆ."

"ನಾನು ನಿನ್ನ ಮಗ."

"ಅದು ಈಗ ನೆನಪಾಯ್ತಾ?" ಅಮ್ಮ ಕನ್ನಡಕ ತೆಗೆದರು. ಹನ್ನೊಂದು ತಿಂಗಳಿನ 'ನೀವು' ಅವರ ಬಾಯಿಂದ ಬಿದ್ದುಹೋಯಿತು. "ಹನ್ನೆರಡು ವರ್ಷ ನಿನ್ನ ಜೊತೆ ಇದ್ದೆ. ಬಸ್ಸಿಗೆ ಕಾಸು ಕೇಳಿದ್ರೆ ನಡೆದ್ರೆ ಮಂಡಿಗೆ ಒಳ್ಳೇದು ಅಂದೆ. ಕನ್ನಡಕ ಕೇಳಿದ್ರೆ ದಾರ ಕೊಟ್ಟೆ. ಈ ವರ್ಷ ತಿಂಗಳಿಗೆ ಹನ್ನೆರಡು ಸಾವಿರ ಕೊಟ್ಟೆ, ಸರಿ. ಅದು ಸರ್ಕಾರಕ್ಕೆ ಕೊಡಬಾರದು ಅಂತ ನನಗೆ ಕೊಟ್ಟಿದ್ದು. ನನಗೆ ಕೊಡಬೇಕು ಅಂತ ಯಾವತ್ತಾದ್ರೂ ಒಂದು ಕಾಸು ಕೊಟ್ಟಿದೀಯೇನೋ?"

ಹೆಂಡತಿ ನೆಲ ನೋಡುತ್ತಿದ್ದಳು. ಅಧಿಕಾರಿ ತಮ್ಮ ಫೈಲಿನ ದಾರವನ್ನು ಬಿಚ್ಚಿ ಮತ್ತೆ ಕಟ್ಟಿದರು. ಉಳಿತಾಯಪ್ಪನಿಗೆ ನಾಚಿಕೆಯಾಯಿತು. ಇದು ಅವನಿಗೆ ಅಭ್ಯಾಸವಿಲ್ಲದ ಖರ್ಚು, ಮುಖವೆಲ್ಲ ಕೆಂಪಾಯಿತು.

"ಏನು ಮಾಡಲಿ ಹೇಳಮ್ಮ," ಅಂದ.

"ಫಾರಂ ಇಲ್ಲದೆ, ರಸೀದಿ ಇಲ್ಲದೆ, ಕಡಿತಕ್ಕೆ ಬರದೆ ಇರೋ ಐನೂರು ನನ್ನ ಕೈಗೆ ಕೊಡು. ಮನೆ ನಿನಗೇ."

ಉಳಿತಾಯಪ್ಪ ಪರ್ಸ್ ತೆಗೆದ. ಐನೂರರ ನೋಟು ಒಳಗೆ ಎಲ್ಲೋ ಅಂಟಿಕೊಂಡಿತ್ತು, ಎರಡು ಸಲ ಎಳೆದ ಮೇಲೆ ಬಂತು. ಅಮ್ಮನ ಅಂಗೈಯಲ್ಲಿ ಇಟ್ಟ. ಬಾಯಿ ತೆರೆದ, ಮುಚ್ಚಿದ. ಏನೂ ಕೇಳಲಿಲ್ಲ. ಹಾಗೆ ಕೇಳದೆ ಇರುವುದಕ್ಕೆ ಅವನು ಪಟ್ಟ ಪಾಡು ಹೆಂಡತಿಗೆ ಕಂಡಿತು.

ಅಮ್ಮ ಆ ನೋಟನ್ನು ಬಹಳ ಹೊತ್ತು ನೋಡಿದರು. ನಾನೂರು ಹುಡುಗಿಯರನ್ನು ನಡುಗಿಸಿದ ಗಲ್ಲ ಸಣ್ಣಗೆ ನಡುಗಿತು. "ಇಷ್ಟು ಸಾಕು ಕಣೋ. ಹೊಸ ಕರಾರು ಮಾಡಿಸೋಣ. ಹದಿನೈದೆಲ್ಲ ಬೇಡ, ನೀನು ತಿಂಗಳಿಗೆ ಹೀಗೆ ಐನೂರು ಕೈಗೆ ಕೊಡ್ತೀಯ ಅಂದ್ರೆ ಬಾಡಿಗೆ ಹದಿನಾಲ್ಕೂವರೆ ಸಾವಿರಕ್ಕೆ ಇಳಿಸ್ತೀನಿ."

ಉಳಿತಾಯಪ್ಪ ಒಂದು ಗಳಿಗೆ ಸೂರು ನೋಡಿದ. ತುಟಿ ಮೆಲ್ಲಗೆ ಅಲುಗಿತು. ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಓಡಿತು.

"ಬೇಡಮ್ಮ," ಅಂದ. "ಬಾಡಿಗೆ ಹದಿನೈದೇ ಇರಲಿ. ಐನೂರು ಬೇರೆ ಕೊಡ್ತೀನಿ."

ಅಮ್ಮನಿಗೆ ದುಃಖ ತಡೆಯಲಾಗಲಿಲ್ಲ. ಮಗನ ತಲೆಯನ್ನು ಎದೆಗೆ ಒತ್ತಿಕೊಂಡು ಗಳಗಳನೆ ಅತ್ತುಬಿಟ್ಟರು. ಹೆಂಡತಿಯೂ ಕಣ್ಣೊರೆಸಿಕೊಂಡಳು. ಇಪ್ಪತ್ತು ವರ್ಷದ ಸಂಸಾರದಲ್ಲಿ ಗಂಡ ಒಂದು ರಿಯಾಯಿತಿಯನ್ನು ಬೇಡ ಅಂದದ್ದು ಇದೇ ಮೊದಲು.

ಬಾಡಿಗೆ ಐನೂರು ಇಳಿದರೆ ತೆರಿಗೆ ತಿಂಗಳಿಗೆ ನೂರು ಏರುತ್ತದೆ ಎಂಬುದು ಆ ಕೋಣೆಯಲ್ಲಿ ಉಳಿತಾಯಪ್ಪನನ್ನು ಬಿಟ್ಟರೆ ಅಧಿಕಾರಿಯೊಬ್ಬರಿಗೆ ಮಾತ್ರ ಗೊತ್ತಿತ್ತು. ಅವರು ಅಳುತ್ತಿರುವ ತಾಯಿಯನ್ನು ನೋಡಿದರು, ಅವರ ತೋಳಿನ ನಡುವೆ ಇನ್ನೂ ಬೆರಳು ಎಣಿಸುತ್ತಿದ್ದ ಮಗನ ಕೈಯನ್ನು ನೋಡಿದರು. ಹದಿನೈದು ವರ್ಷದ ನೌಕರಿಯಲ್ಲಿ ಮೊದಲ ಬಾರಿಗೆ ತಮಗೆ ಗೊತ್ತಾದದ್ದನ್ನು ಬರೆದುಕೊಳ್ಳದೆ, ಪೆನ್ನಿಗೆ ಮುಚ್ಚಳ ಹಾಕಿ ಎದ್ದು ಹೋದರು.